ಬರ್ತೇನಿ ಅಂದ್ರು

ಕಳೆದ ಮಾರ್ಚ್ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ ಅವರು ರಾಣೆಬೆನ್ನೂರಿನ ತಮ್ಮ ಮನೆಯಲ್ಲಿ ತೀರಿಕೊಂಡರು. ವಯಸ್ಸು ಐವತ್ತು ದಾಟಿತ್ತು. ಹೃದಯಾಘಾತ ಎಂದು ವೈದ್ಯರು ಬರೆದುಕೊಟ್ಟಿದ್ದಾರೆ. ಬೇರೆ ಕಾರಣ ಹೇಳುವವರು ಊರಲ್ಲಿ ಬಹಳ ಜನ ಇದ್ದಾರೆ. ನಾನು ಹೇಳುವುದಿಲ್ಲ. ಆಧಾರವಿಲ್ಲದೆ ಅವರ ಬಗ್ಗೆ ಬರೆದವರ ಸಾಲಿನಲ್ಲಿ ನಿಲ್ಲುವ ಮನಸ್ಸು ನನಗಿಲ್ಲ.

ಅವರದು ಫೋಟೊ ಸ್ಟುಡಿಯೊ. ಮುಂದೆ ಅಂಗಡಿ, ಹಿಂದೆ ಮನೆ. ನಾನು ಹಾವೇರಿಯಲ್ಲಿ ಕುಳಿತು ಕೆಲಸ ಮಾಡುವ ಪತ್ರಿಕೆಗೆ ಅವರು ವರ್ಷಗಟ್ಟಲೆ ಚಿತ್ರ ಕೊಟ್ಟರು. ಚಿತ್ರದ ಕೆಳಗೆ ಅವರ ಹೆಸರು ಬರುತ್ತಿರಲಿಲ್ಲ, ಹವ್ಯಾಸಿಗಳ ಹೆಸರು ಹಾಕುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಅವರ ಹೆಸರು ಅಚ್ಚಾದದ್ದು ಒಂದೇ ಸಲ, ಬೇರೊಂದು ಪತ್ರಿಕೆಯಲ್ಲಿ, ಒಂದು ಸುಳ್ಳಿನ ಜೊತೆಗೆ. ‘ಮತ್ತ ಅಕೀ ಹೆಸರು ಪೇಪರಿನ್ಯಾಗ ಬರೂದು ಬ್ಯಾಡಪಾ’ ಎಂದು ಅವರ ಅತ್ತೆ ಹೇಳಿದ್ದಾರೆ. ಆದ್ದರಿಂದ ಇಲ್ಲಿಯೂ ಹೆಸರಿಲ್ಲ.

ಸಿಟ್ಟಿನಲ್ಲಿ ಬರೆದ ಪ್ರತಿಯನ್ನು ಒಂದು ದಿನ ಮೇಜಿನ ಖಾನೆಯಲ್ಲಿಟ್ಟು ಮತ್ತೆ ಓದಬೇಕು ಎಂದು ನನಗೆ ಕೆಲಸ ಕಲಿಸಿದವರು ಹೇಳುತ್ತಿದ್ದರು. ಇದನ್ನು ಹಲವು ವಾರ ಇಟ್ಟಿದ್ದೇನೆ. ಸಿಟ್ಟು ಇಳಿದಿಲ್ಲ. ವಿಷಯವೂ ಬದಲಾಗಿಲ್ಲ.

ನಾನು ಅವರನ್ನು ಮೊದಲು ನೋಡಿದ್ದು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ. ಅದು ಅವರ ತವರೂರು. ಹಂಗಾಮು ಜೋರಾಗಿತ್ತು, ಪ್ರಾಂಗಣದ ತುಂಬ ಕೆಂಪು ರಾಶಿ. ನಾನು ಕಣ್ಣುರಿ ತಾಳದೆ ಅಂಗಿಯ ತೋಳಿನಿಂದ ಕಣ್ಣು ಉಜ್ಜಿಕೊಳ್ಳುತ್ತಿದ್ದೆ. ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಕ್ಯಾಮೆರಾ ಕೊರಳಿಗೆ ಹಾಕಿಕೊಂಡ ಹೆಂಗಸೊಬ್ಬರು ರಾಶಿಯ ಆಚೆಯಿಂದ ಕೂಗಿದರು:

“ಕಣ್ಣ ತಿಕ್ಕಬ್ಯಾಡ್ರಿ ಸರ! ಸುಮ್ಮ ನಿಂದರ್ರಿ. ತಾನ ಇಳಿತೈತಿ.”

ನಿಂತೆ. ಇಳಿಯಿತು.

ಅವರ ಚಿತ್ರದಲ್ಲಿ ಮೆಣಸಿನಕಾಯಿ ಮೆಣಸಿನಕಾಯಿಯಂತೆಯೇ ಕಾಣುತ್ತಿತ್ತು, ಕುಂಕುಮದಂತೆ ಅಲ್ಲ. ಹೇಗೆ ಎಂದು ಕೇಳಿದ್ದೆ. “ಕೆಂಪು ಕಂಡ್ರ ಕ್ಯಾಮೆರಾಕ್ಕ ಸೊಕ್ಕು ಬರತೈತ್ರಿ. ಬೆಳಕ ಒಂಚೂರು ಕಡಿಮಿ ಕೊಟ್ಟು ಅದರ ಸೊಕ್ಕು ಇಳಸಬೇಕು” ಎಂದಿದ್ದರು. ಮುಂದೆ ಡೆಸ್ಕಿನಲ್ಲಿ ಯಾರಾದರೂ ಹುಮ್ಮಸ್ಸಿನಿಂದ ತಲೆಬರಹ ಕೊಟ್ಟಾಗ ನಾನು ಈ ಮಾತನ್ನು ಹೇಳಿದ್ದುಂಟು.

ಅವರು ಹಾವೇರಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿ, ಮದುವೆಗೆ ಮುಂಚೆ ಕಂಪ್ಯೂಟರ್ ತರಗತಿ ನಡೆಸುತ್ತಿದ್ದವರು. ಸ್ಟುಡಿಯೊ ಗಂಡನದು. ಅವರು ತೀರಿಕೊಂಡ ಮೇಲೆ ಇವರೇ ಕ್ಯಾಮೆರಾ ಎತ್ತಿಕೊಂಡರು. ಹೆಂಗಸೊಬ್ಬಳು ಫೋಟೊ ತೆಗೆಯುತ್ತಾಳೆ ಎಂದು ಮೊದಮೊದಲು ನಕ್ಕವರು, ತಮ್ಮ ಮನೆಯ ಹೆಣ್ಣುಮಕ್ಕಳ ಕಾರ್ಯ ಬಂದಾಗ ಇವರನ್ನೇ ಕರೆಯತೊಡಗಿದರು. ಬಸುರಿಗೆ ಮಾಡುವ ಕುಬಸ, ಅರಿಷಿಣ ಹಚ್ಚುವುದು, ಹೆಂಗಸರಷ್ಟೇ ಇರುವ ಕೋಣೆ. ಇವರು ಒಳಗೆ ಹೋದ ಕೂಡಲೇ ಬಾಗಿಲ ಅಗಳಿ ಹಾಕಿಕೊಳ್ಳುತ್ತಿದ್ದರು. ರಾಣೆಬೆನ್ನೂರಿನ ಮುಸ್ಲಿಂ ಮನೆಗಳಲ್ಲಿ ಮೆಹಂದಿಯ ದಿನ ಒಳಗೆ ಬಿಡುತ್ತಿದ್ದ ಒಂದೇ ಕ್ಯಾಮೆರಾ ಇವರದು.

ಒಮ್ಮೆ ನನ್ನ ಕಣ್ಣೆದುರೇ ಹೀಗಾಯಿತು. ಅರಿಷಿಣದ ಕೋಣೆಯ ಬಾಗಿಲಲ್ಲಿ ವರನ ಕಡೆಯ ಗೃಹಸ್ಥನೊಬ್ಬ ಫೋನು ಎತ್ತಿ ಹಿಡಿದು ಇಣುಕುತ್ತಿದ್ದ. ಇವರು ನಗುತ್ತಲೇ ಹೇಳಿದರು:

“ಅಣ್ಣಾರ, ನಿಮ್ಮ ಫೋನು ಭಾಳ ಛಲೋ ಐತಿ. ಹೊರಗ ಪೆಂಡಾಲ ಐತಿ, ಬಾಳಿಕಂಬ ಐತಿ. ಬೇಕಾದಷ್ಟು ತಕ್ಕೋರಿ.”

“ನಾವು ಮನಿಯವರರಿ.”

“ಗೊತ್ತೈತ್ರಿ. ಅದಕ್ಕ ಸಮಾಧಾನಲೆ ಹೇಳಾಕತ್ತೇನಿ.”

ಅಗಳಿ ಬಿತ್ತು. ಒಳಗಿನ ಹೆಂಗಸರು ನಕ್ಕದ್ದು ಹೊರಗೆ ಕೇಳಿಸಿತು.

ಮನೆಯಲ್ಲಿ ಸರ್ವರ್ ಇಟ್ಟದ್ದೂ ಇದೇ ಕಾರಣಕ್ಕೆ. ಈಗೀಗ ಎಲ್ಲರೂ ಮದುವೆಯ ಫೋಟೊಗಳನ್ನು ಯಾವುದೋ ದೊಡ್ಡ ಕಂಪನಿಯ ಜಾಗದಲ್ಲಿ ಇಟ್ಟು, ಮನೆಯವರಿಗೆ ಒಂದು ಲಿಂಕು ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಇವರು ಒಪ್ಪಲಿಲ್ಲ. “ಮಂದಿ ಮನಿ ಹೆಣ್ಣಮಕ್ಕಳನ್ನ ನನ್ನ ನಂಬಿ ಒಳಗ ಬಿಟ್ಟಾರ. ಆ ಫೋಟೊ ನಾ ನೋಡೂವಂಥಾ ಜಾಗಾದಾಗ ಇರಬೇಕು” ಎನ್ನುತ್ತಿದ್ದರು. ಹಳೆಯ ಕಂಪ್ಯೂಟರೊಂದನ್ನು ಬಿಚ್ಚಿ, ಹೊಸ ಡಿಸ್ಕು ಹಾಕಿ, ಹಗಲೂ ರಾತ್ರಿ ನಡೆಯುವಂತೆ ಮಾಡಿ, ಅಡುಗೆ ಮನೆಯ ಗೋಡೆಗೂಡಿನಲ್ಲಿ ಇಟ್ಟರು. ಪ್ರತಿ ಕುಟುಂಬಕ್ಕೆ ಒಂದು ಆಲ್ಬಮ್, ಅದಕ್ಕೊಂದು ಪಾಸ್‌ವರ್ಡ್. ಅದನ್ನು ಅವರು ಕೀಲಿಕೈ ಎನ್ನುತ್ತಿದ್ದರು. ಕೀಲಿಕೈ ಇದ್ದವರು ತಮ್ಮ ಮನೆಯಲ್ಲೇ ಕುಳಿತು ತಮ್ಮ ಆಲ್ಬಮ್ ನೋಡಬಹುದು.

ಆ ಗೂಡಿನಲ್ಲಿ ಮೊದಲು ರೊಟ್ಟಿ ಬುಟ್ಟಿ ಇರುತ್ತಿತ್ತು. ಅತ್ತೆಗೆ ಆ ಸಿಟ್ಟು ಕೊನೆತನಕ ಹೋಗಲಿಲ್ಲ.

“ರೊಟ್ಟಿ ಬುಟ್ಟಿ ಜಾಗಾ ಕಸಗೊಂಡು ಕುಂತೈತಿ ನೋಡ್ರಿ. ಉಣ್ಣೂದಿಲ್ಲ, ತಿನ್ನೂದಿಲ್ಲ, ಸುಮ್ಮ ಗುಂಯ್ ಅಂತೈತಿ.”

“ಉಣ್ಣತೈತ್ರಿ ಅತ್ತಿ. ಕರೆಂಟ್ ಬಿಲ್ ನೋಡ್ರಿ.”

ಆ ಪೆಟ್ಟಿಗೆಗೆ ಯಾರು ಬಂದರೂ ಹೋದರೂ ಮನೆಯ ಫೋನಿಗೆ ಎಚ್ಚರಿಕೆಯ ಸಂದೇಶ ಬರುವಂತೆ ಅವರು ಮಾಡಿದ್ದರು. ಕಾರ್ಯದ ಮನೆಗಳಿಗೆ ಹೋದಾಗ ಫೋನು ಅತ್ತೆಯ ಕೈಯಲ್ಲಿರುತ್ತಿತ್ತು, ಅವರಿಗೆ ಇಂಗ್ಲಿಷ್ ಬಾರದು. ಅದಕ್ಕೆಂದು ಸಂದೇಶಗಳನ್ನು ಕನ್ನಡದಲ್ಲಿ, ಅದೂ ಮನೆಯ ಮಾತಿನಲ್ಲಿ ಬರೆದರು. ತಪ್ಪು ಪಾಸ್‌ವರ್ಡ್ ಹಾಕಿದರೆ ‘ಬಾಗಿಲ ಬಡದ್ರು’. ಸರಿ ಹಾಕಿದರೆ ‘ಒಳಗ ಬಂದ್ರು’. ನೋಡಿ ಮುಗಿಸಿದರೆ ‘ಹೋದ್ರು’.

ಮೂರನೆಯದಕ್ಕೆ ಅತ್ತೆ ತಕರಾರು ತೆಗೆದರು. ಇದನ್ನು ಅವರು ನನಗೆ ಅತ್ತೆಯ ದನಿಯಲ್ಲೇ ಮಾಡಿ ತೋರಿಸಿದ್ದರು. “ಹೋದ್ರು ಅಂದ್ರ ಏನ? ಸತ್ರು ಅಂದಂಗ. ಮದವಿ ಫೋಟೊ ನೋಡಿದವರಿಗೆ ಹೋದ್ರು, ಹೋದ್ರು ಅಂತ ಮುಂಜಾನಿಂದ ಸಂಜೀತನಾ ಬರಾಕತ್ತೈತಿ. ನಮ್ಮ ಮನ್ಯಾಗ ಯಾರರ ಹೋಗ್ತೇನಿ ಅಂತಾರೇನು? ಬರ್ತೇನಿ ಅಂತಾರ. ಹಂಗ ಬರಿ.”

ಅವರು ಹಾಗೆಯೇ ಬರೆದರು. ಅಂದಿನಿಂದ ಆಲ್ಬಮ್ ಮುಚ್ಚಿ ಹೊರಟ ಪ್ರತಿಯೊಬ್ಬರ ಫೋನಿನ ಗುರುತಿನ ಮುಂದೆ ‘ಬರ್ತೇನಿ ಅಂದ್ರು’ ಎಂದು ದಾಖಲಾಗತೊಡಗಿತು. ನಮ್ಮ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮುಂದೆ ಬಿಡಿಸಿ ಹೇಳಬೇಕಾಗಿ ಬಂದಾಗ ಯಾರೂ ಕೇಳಿಸಿಕೊಳ್ಳಲಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮಗಳ ಮದುವೆ ಆ ವರ್ಷ ಅವರು ಮಾಡಿದ ದೊಡ್ಡ ಕೆಲಸ. ಹುಡುಗಿಯನ್ನು ದೂರದ ಊರಿಗೆ ಕೊಟ್ಟಿದ್ದರು. ಮದುವೆ ಮುಗಿದು ಆಲ್ಬಮ್ ತೆರೆದುಕೊಟ್ಟ ಕೆಲವೇ ದಿನಗಳಲ್ಲಿ ಎಚ್ಚರಿಕೆಗಳು ಹೆಚ್ಚಾದವು. ನಾನು ಬೇರೆ ಕೆಲಸಕ್ಕೆ ರಾಣೆಬೆನ್ನೂರಿಗೆ ಹೋದವನು ಸ್ಟುಡಿಯೊದಲ್ಲಿ ಚಹಾ ಕುಡಿಯುತ್ತಿದ್ದೆ. ಫೋನು ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು.

“ಇಷ್ಟು ಮಂದಿ ಬಾಗಿಲ ಬಡೀತಾರಲ್ಲ, ಹೆದರಿಕೆ ಆಗುವುದಿಲ್ಲವೇ?” ಎಂದೆ.

“ಬಡಿಯವರು ಬಡೀತಾರ ಬಿಡ್ರಿ. ಇಂಟರ್ನೆಟ್ಟಿನ್ಯಾಗ ಮನಿ ಕಟ್ಟಿದ ಮ್ಯಾಲ ಜಗತ್ತಿನ ಉಡಾಳರೆಲ್ಲಾ ಒಮ್ಮೆ ಬಂದು ಬಡದ ಹೋಗ್ತಾರ. ಹಾಂಗ ಬಡದವರು ಬಾಗಿಲದಾಗ ಉಳೀತಾರ. ನನಗ ಚಿಂತಿ ಯಾರದಂದ್ರ, ಒಮ್ಮೆನೂ ಬಡೀದs ಒಳಗ ಬಂದವರದು.”

ಫೋನು ತೋರಿಸಿದರು. ಒಂದೇ ಆಲ್ಬಮ್ಮಿಗೆ, ಹಿಂದೆಂದೂ ಕಾಣದ ಫೋನುಗಳಿಂದ, ಒಂದಾದ ಮೇಲೊಂದು ‘ಒಳಗ ಬಂದ್ರು’. ಒಂದಕ್ಕೂ ಮೊದಲು ‘ಬಾಗಿಲ ಬಡದ್ರು’ ಇರಲಿಲ್ಲ. ಕಳ್ಳನಾದವನು ಕೀಲಿ ಮುರಿಯಲು ನಾಲ್ಕು ಸಲ ಪ್ರಯತ್ನಿಸುತ್ತಾನೆ. ಈ ಮಂದಿ ಕೀಲಿಕೈ ಹಿಡಿದುಕೊಂಡೇ ಬಂದಿದ್ದರು.

ಪೆಟ್ಟಿಗೆ ಬಂದ್ ಮಾಡಿಬಿಡಿ ಎಂದೆ. “ಕಣ್ಣ ತಿಕ್ಕಬ್ಯಾಡ್ರಿ ಸರ” ಎಂದರು. ಬಂದ್ ಮಾಡಿದರೆ ಎಚ್ಚರಿಕೆ ನಿಲ್ಲುತ್ತದೆ, ಕಾರಣ ತಿಳಿಯುವುದಿಲ್ಲ. ಮೊದಲು ತಮ್ಮ ಮನೆಯಿಂದಲೇ ಶುರು ಮಾಡಿದರು. ತಮ್ಮ ಸ್ವಂತ ಪಾಸ್‌ವರ್ಡ್ ಬದಲಿಸಿದರು. ಸ್ಟುಡಿಯೊದ ಕಂಪ್ಯೂಟರಿನಲ್ಲಿ ಹುಳ ಸೇರಿದೆಯೇ ಎಂದು ನೋಡಿದರು. ಇಂಟರ್ನೆಟ್ ಜೋಡಿಸಿದ ಕೇಬಲ್ಲಿನವರು ತಮ್ಮ ರೂಟರಿಗೆ ಕಾರ್ಖಾನೆಯ ಪಾಸ್‌ವರ್ಡನ್ನೇ ಬಿಟ್ಟು ಹೋಗಿದ್ದರು, ಅದನ್ನು ಬದಲಿಸಿದರು. ಒಂದೊಂದು ಬದಲಿಸಿದ ಮೇಲೂ ಕಾದು ನೋಡಿದರು. ಬೇರೆ ಮನೆಗಳ ಆಲ್ಬಮ್ಮುಗಳಿಗೆ ಹೊಸಬರು ಯಾರೂ ಬರಲಿಲ್ಲ. ಬ್ಯಾಡಗಿಯ ಆಲ್ಬಮ್ಮಿಗೆ ಮಾತ್ರ ಬರುತ್ತಲೇ ಇದ್ದರು. ಅಂದರೆ ತೂತು ಇವರ ಮನೆಯಲ್ಲಿ ಇರಲಿಲ್ಲ.

ಕೆಲವು ದಿನ ಬಿಟ್ಟು ಹುಡುಗಿಯ ತಂದೆಗೆ ಫೋನು ಮಾಡಿದರು. ಅಂದು ನಾನು ಮತ್ತೆ ಸ್ಟುಡಿಯೊಗೆ ಹೋಗಿದ್ದೆ, ಎದುರಿಗೇ ಇದ್ದೆ. ಅವರು ಫೋನನ್ನು ಮೇಜಿನ ಮೇಲಿಟ್ಟು ಮಾತಾಡುತ್ತಿದ್ದರಿಂದ ಎರಡೂ ಕಡೆ ಕೇಳಿಸುತ್ತಿತ್ತು.

“ಕಾಕಾರ, ನಿಮ್ಮ ಆಲ್ಬಮ್ಮಿನ ಕೀಲಿಕೈ ಯಾರ ಯಾರ ಕೈಯಾಗ ಐತಿ?”

“ನಮ್ಮ ಮನ್ಯಾಗ ಅಷ್ಟ ಐತವಾ. ಯಾಕ?”

“ಖರೇ ಹೇಳ್ರಿ. ಯಾರರ ಕೇಳಿದ್ರೇನು?”

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು.

“ಬೀಗರು ಕೇಳಿದ್ರವಾ. ಹೊಸಾ ಬೀಗತನ. ಇಲ್ಲ ಅನ್ನಾಕ ಹೆಂಗ ಬರತೈತಿ?”

“ಅರಿಷಿಣದ ಫೋಟೊನೂ ಅದರಾಗ ಅದಾವು ಅಂತ ನಾ ಹೇಳಿದ್ನಿಲ್ರಿ? ಮನಿ ಬಿಟ್ಟು ಯಾರಿಗೂ ಕೊಡಬ್ಯಾಡ್ರಿ ಅಂದಿದ್ನಿಲ್ರಿ?”

“ಅವರೂ ಮನಿಯವರs ಅಲ್ಲೇನವಾ ಈಗ? ಅವರು ತಮ್ಮ ಮಂದಿ ಗ್ರೂಪಿನ್ಯಾಗ ಹಾಕ್ಯಾರಂತ. ಎಲ್ಲಾರೂ ನೋಡಿ ಛಲೋ ಆಗ್ಯಾವು ಅಂದ್ರಂತ.”

ಅವರು ಫೋನಿಟ್ಟು ನನ್ನ ಕಡೆ ನೋಡಿದರು. “ನಾವು ಕೀಲಿ ಅಂತೀವಿ, ಪುಸ್ತಕದಾಗ ಬೀಗ ಅಂತಾರ. ಬೀಗ ಅಂತ ಯಾಕ ಹೆಸರಿಟ್ರು ಅಂತ ಈಗ ತಿಳೀತ್ರಿ ಸರ. ಬೀಗರಿಗೆ ಕೊಡಾಕ” ಎಂದರು. ನಕ್ಕರು. ಆಮೇಲೆ ಎದ್ದು ಹೋಗಿ ಆ ಆಲ್ಬಮ್ ಮುಚ್ಚಿದರು. ಮುಚ್ಚಿದೊಡನೆ, ಆ ಕ್ಷಣದಲ್ಲಿ ಅದನ್ನು ನೋಡುತ್ತ ಕುಳಿತಿದ್ದವರನ್ನೆಲ್ಲ ಪೆಟ್ಟಿಗೆ ಒಟ್ಟಿಗೇ ಹೊರಗೆ ಹಾಕಿತು. ಹೊರಬಿದ್ದ ಒಬ್ಬೊಬ್ಬರ ಮುಂದೆಯೂ ದಾಖಲೆ ಬರೆಯಿತು. ಅವರ ಫೋನಿನ ಪರದೆ ತುಂಬಿಹೋಯಿತು. ಬರ್ತೇನಿ ಅಂದ್ರು. ಬರ್ತೇನಿ ಅಂದ್ರು. ಬರ್ತೇನಿ ಅಂದ್ರು.

“ಇನ್ನ ಬರಬ್ಯಾಡ್ರಿ ನನ್ನಪ್ಪಗಳ್ರಾ” ಎಂದು ಅವರು ಫೋನಿಗೆ ಕೈ ಮುಗಿದರು.

ಅಷ್ಟರಲ್ಲಿ ತಡವಾಗಿತ್ತು. ಅರಿಷಿಣದ ಒಂದು ಫೋಟೊ ಹೊರಗೆ ಹೋಗಿತ್ತು. ಹುಡುಗಿ ಕೂದಲು ಬಿಚ್ಚಿಕೊಂಡು ಚಿಕ್ಕಮ್ಮಂದಿರ ನಡುವೆ ಬಾಯಿ ತುಂಬ ನಗುತ್ತಿರುವ ಚಿತ್ರ. ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಯಾರೋ ಅದರ ಕೆಳಗೆ ಒಂದು ಹೊಲಸು ಸಾಲು ಬರೆದು ಹರಿಯಬಿಟ್ಟಿದ್ದರು. ಆ ಸಾಲನ್ನು ನಾನು ಬರೆಯುವುದಿಲ್ಲ. ಬ್ಯಾಡಗಿಯಿಂದ ಹಾವೇರಿಯವರೆಗೆ ಅದು ಫೋನಿನಿಂದ ಫೋನಿಗೆ ಹೋಯಿತು. ‘ಅಯ್ಯೋ ಪಾಪ’ ಎಂದವರೂ ಮುಂದಕ್ಕೆ ಕಳಿಸಿಯೇ ಪಾಪ ಎಂದರು.

ಅವರು ಹುಡುಗಿಯ ತಂದೆಗೆ ಪೊಲೀಸರಿಗೆ ದೂರು ಕೊಡಲು ಹೇಳಿದರು. ತಮ್ಮ ಪೆಟ್ಟಿಗೆಯ ದಾಖಲೆಯನ್ನೆಲ್ಲ ಕೊಡುತ್ತೇನೆ, ಯಾವ ಫೋನಿನಿಂದ ಹೊರಗೆ ಹೋಯಿತು ಎಂಬುದನ್ನು ಅವರು ಹಿಡಿಯುತ್ತಾರೆ ಎಂದರು. ತಂದೆ ಒಪ್ಪಲಿಲ್ಲ. ಹಿಡಿದರೆ ಬೀಗರ ಮನೆಯವರೇ ಸಿಗುತ್ತಿದ್ದರು. ಮಗಳು ಆ ಮನೆಯಲ್ಲಿ ಬಾಳಬೇಕಿತ್ತು. ಆ ತಂದೆಯ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಯಾರದಾದರೂ ತಪ್ಪು ಎಂದು ಆಗಲೇಬೇಕಿತ್ತು, ಮತ್ತು ಅದನ್ನು ಯಾರ ತಲೆಗೆ ಕಟ್ಟಿದರೆ ಎರಡೂ ಮನೆಗಳು ಉಳಿಯುತ್ತವೆ ಎಂಬ ಲೆಕ್ಕವೂ ಆಗಿತ್ತು. ಗಂಡನಿಲ್ಲದ ಹೆಂಗಸು, ಪಕ್ಕದ ಊರಿಗೆ ಕೊಟ್ಟವಳು, ಫೋಟೊ ಇಟ್ಟುಕೊಂಡವಳು. ಇಷ್ಟು ಸಾಕಾಗಿತ್ತು.

ಬೀಗರ ಕಡೆಯವರು ಒಬ್ಬ ಸೈಬರ್ ತಜ್ಞರನ್ನು ಬೆಂಗಳೂರಿನ ಕಡೆಯಿಂದ ಕರೆತಂದರು. ದಾಖಲೆಯನ್ನು ಅವರ ಕೈಗೆ ಕೊಟ್ಟದ್ದು ಸ್ವತಃ ಇವರೇ. ತಜ್ಞರು ಕನ್ನಡ ದಾಖಲೆಯನ್ನು ಯಂತ್ರಕ್ಕೆ ಹಾಕಿ ಇಂಗ್ಲಿಷ್ ಮಾಡಿಸಿದರು. ‘ಬರ್ತೇನಿ ಅಂದ್ರು’ ಎಂಬುದು ‘ಬರುವುದಾಗಿ ತಿಳಿಸಿದರು’ ಎಂದಾಯಿತು. ಅದನ್ನು ಅವರು ಪ್ರವೇಶ ಎಂದು ಎಣಿಸಿದರು. ಇಂತಿಂಥ ದಿನ, ಇಂತಿಂಥ ಹೊತ್ತಿಗೆ, ಮಾಲಕಿ ತನ್ನ ಮನೆಯಿಂದಲೇ ಆಲ್ಬಮ್ಮಿನ ವ್ಯವಸ್ಥೆಗೆ ಕೈಹಾಕಿದ್ದಾರೆ, ಆ ಕ್ಷಣದಲ್ಲೇ ಅಪರಿಚಿತರು ಗುಂಪಾಗಿ ಒಳಗೆ ಬಂದಿದ್ದಾರೆ ಎಂದು ವರದಿ ಬರೆದರು.

ಇವರು ಎಲ್ಲರನ್ನೂ ಹೊರಗೆ ಹಾಕಿದ ಗಳಿಗೆ ಅದು. ಅದೇ ಗಳಿಗೆಯಲ್ಲಿ ಎಲ್ಲರನ್ನೂ ಒಳಗೆ ಬಿಟ್ಟರು ಎಂದು ಬರೆಯಲಾಯಿತು.

ವರದಿ ಓದಿದ್ದು ಬ್ಯಾಡಗಿಯಲ್ಲಿ, ಹುಡುಗಿಯ ತಂದೆಯ ಅಂಗಡಿಯ ಮಹಡಿಯ ಮೇಲೆ. ಎರಡೂ ಕಡೆಯ ಹಿರಿಯರಿದ್ದರು. ಕೆಳಗೆ ಹಮಾಲರು ಚೀಲ ಎತ್ತಿಹಾಕುತ್ತಿದ್ದರಿಂದ ಮೇಲಿದ್ದವರೆಲ್ಲ ನಡುನಡುವೆ ಕೆಮ್ಮುತ್ತಿದ್ದರು. ಇವರು ನನ್ನನ್ನು ಜೊತೆಗೆ ಬರಲು ಕೇಳಿದ್ದರು, ಹೋಗಿದ್ದೆ.

“ಸಾಹೇಬ್ರ, ಬರ್ತೇನಿ ಅಂದ್ರ ಹೋದ್ರು ಅಂತ ಅರ್ಥ” ಎಂದು ಅವರು ತಜ್ಞರಿಗೆ ಹೇಳಿದರು.

“ಮೇಡಂ, ನಾವು ಭಾವನೆ ನೋಡಲ್ಲ, ಡೇಟಾ ನೋಡ್ತೀವಿ.”

“ಡೇಟಾ ಕನ್ನಡದಾಗ ಐತ್ರಿ. ಓದ್ರಿ.”

“ಬರ್ತೀನಿ ಅಂದ್ರೆ ಬರೋದು ತಾನೇ? ಕಂಪ್ಯೂಟರ್‌ಗೆ ಎರಡೆರಡು ಅರ್ಥ ಇರಲ್ಲ.”

“ಬರದಿದ್ದು ಕಂಪ್ಯೂಟರ್ ಅಲ್ರಿ. ನಾನು. ನನಗ ಹೇಳಿದ್ದು ನಮ್ಮ ಅತ್ತಿ.”

ತಜ್ಞರು ಗಡಿಯಾರ ನೋಡಿಕೊಂಡರು. ಹಾವೇರಿಯಲ್ಲಿ ರೈಲು ಹಿಡಿಯಬೇಕಿತ್ತು. ಕಾಗದಗಳನ್ನು ಚೀಲಕ್ಕೆ ಹಾಕಿ ಎದ್ದು, ಹಿರಿಯರಿಗೆ ಕೈ ಮುಗಿದು, “ಸರಿ ಸರ್, ನಾನು ಬರ್ತೀನಿ” ಎಂದು ಮೆಟ್ಟಿಲಿಳಿದರು.

ಇವರು ಒಂದು ಕ್ಷಣವೂ ತಡಮಾಡಲಿಲ್ಲ. ಸಭೆಯತ್ತ ತಿರುಗಿ ಕೇಳಿದರು: “ಎಲ್ಲಾರೂ ಕೇಳಿದ್ರಿಲ್ರಿ? ಸಾಹೇಬ್ರು ಬರ್ತೀನಿ ಅಂದ್ರು. ಈಗ ಅವರು ಒಳಗ ಬಂದ್ರೋ, ಹೊರಗ ಹೋದ್ರೋ? ಹೇಳ್ರಿ.”

ಒಬ್ಬರು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಹುಡುಗಿಯ ತಂದೆ ಮಾತ್ರ ತಲೆ ತಗ್ಗಿಸಿ ಕುಳಿತಿದ್ದರು. ನಗು ನಿಂತ ಮೇಲೆ ಬೀಗರ ಕಡೆಯ ಹಿರಿಯರೊಬ್ಬರು, “ತಂಗಿ, ಮಾತಿನ್ಯಾಗ ನೀ ಶಾಣ್ಯಾಕಿ ಇದ್ದಿ. ಆದ್ರ ವರದಿ ಬರದಾಗೇತಿ. ಬರದಿದ್ದು ಬರದಂಗ ಇರ್ಲಿ” ಎಂದರು. ನಕ್ಕ ಅಷ್ಟೂ ಜನಕ್ಕೆ ಅರ್ಥ ಗೊತ್ತಿತ್ತು. ಇದನ್ನು ನಾನು ಒತ್ತಿ ಬರೆಯುತ್ತಿದ್ದೇನೆ. ತಿಳಿಯದೆ ಮಾಡಿದ ಅನ್ಯಾಯ ಇದಲ್ಲ.

ಎರಡು ದಿನ ಬಿಟ್ಟು ಹಾವೇರಿಯ ಒಂದು ಸಂಜೆ ಪತ್ರಿಕೆಯಲ್ಲಿ ಸುದ್ದಿ ಬಂತು. ಇಂಗ್ಲಿಷ್ ವರದಿಯನ್ನು ಆ ಪತ್ರಿಕೆಯವರು ಮತ್ತೆ ಕನ್ನಡಕ್ಕೆ ತಂದಿದ್ದರು. ‘ಮಾಲಕಿ ಆಲ್ಬಮ್ಮಿಗೆ ಕೈಹಾಕಿದ ಕ್ಷಣದಲ್ಲೇ ಅಪರಿಚಿತರು ಗುಂಪಾಗಿ ಬಂದರು.’ ತಲೆಬರಹದಲ್ಲಿ ಅವರ ಸ್ಟುಡಿಯೊದ ಹೆಸರು, ಮೊದಲ ಸಾಲಿನಲ್ಲಿ ಅವರ ಹೆಸರು. ಅವರಿಗೆ ಒಂದು ಫೋನು ಮಾಡಿ ಕೇಳಿರಲಿಲ್ಲ. ಬೀಗರ ಮನೆಯ ಹೆಸರು ಇರಲಿಲ್ಲ, ‘ಪ್ರತಿಷ್ಠಿತ ಕುಟುಂಬ’ ಎಂದಿತ್ತು. ಹೊರಟವರ ಮಾತು ಬೇರೆ ಭಾಷೆಗೆ ಹೋಗಿ, ತಿರುಗಿ ಬರುವಾಗ ಬಂದವರ ಮಾತಾಗಿತ್ತು.

ನಮ್ಮ ಪತ್ರಿಕೆ ಆ ಸುದ್ದಿಯನ್ನು ಹಾಕಿರಲಿಲ್ಲ. ಹಾಕದ ಸುದ್ದಿಗೆ ತಿದ್ದುಪಡಿ ಹಾಕಲು ಬರುವುದಿಲ್ಲ. ಅವರ ಕಡೆಯ ವಿವರವನ್ನು ಹೊಸ ಸುದ್ದಿಯಾಗಿ ಬರೆದು ನಾನು ಕಳಿಸಿದೆ. ಬರೆದರೆ ಹುಡುಗಿಯ ಗುರುತು ಮತ್ತೆ ಹೊರಬೀಳುತ್ತದೆ ಎಂದು ಮೇಲಿನವರು ಹಿಂದಕ್ಕೆ ಕಳಿಸಿದರು. ಆ ಮಾತು ತಪ್ಪಾಗಿರಲಿಲ್ಲ. ಹೀಗೆ ಸುಳ್ಳು ಅಚ್ಚಾಗಿ ಉಳಿಯಿತು, ನಿಜ ಸಭ್ಯತೆಯ ಕಾರಣಕ್ಕೆ ಉಳಿದುಹೋಯಿತು.

ಕೆಲಸಗಳು ಒಂದೊಂದಾಗಿ ತಪ್ಪಿದವು. ಕೆಲವರು ನೆಪ ಹೇಳಿದರು, ಕೆಲವರು ಫೋನನ್ನೇ ಎತ್ತಲಿಲ್ಲ. ರಾಣೆಬೆನ್ನೂರಿನ ಒಂದು ಮುಸ್ಲಿಂ ಮನೆಯ ಅಜ್ಜಿ ತಾವೇ ಸ್ಟುಡಿಯೊಗೆ ಬಂದರು. ಆ ಮನೆಯ ಎಲ್ಲ ಹೆಣ್ಣುಮಕ್ಕಳ ಮೆಹಂದಿಯ ಚಿತ್ರ ತೆಗೆದವರು ಇವರು. “ಬೇಟಿ, ನಿನ್ನ ಮ್ಯಾಲ ನಮಗ ಶಕ್ ಇಲ್ಲ. ಗಂಡಸರು ಕೇಳವಲ್ರು. ಈ ಸಲ ಒಳಗ ಫೋಟೊನs ಬ್ಯಾಡ ಅಂತ ಮಾಡೀವಿ” ಎಂದರು. ಆ ಮದುವೆಯಲ್ಲಿ ಹೆಂಗಸರ ಕಡೆ ಒಂದೂ ಚಿತ್ರ ತೆಗೆಸಲಿಲ್ಲ, ಬೇರೆ ಯಾರನ್ನೂ ಕರೆಯಲಿಲ್ಲ. “ಎದುರಿಗೆ ಬಂದು ಹೇಳಿದ್ರು. ಅಷ್ಟರ ಮರ್ಯಾದಿ ಮಾಡಿದ್ರು” ಎಂದು ಇವರು ನನಗೆ ಹೇಳಿದರು. ಅಂದು ಅವರ ದನಿಯಲ್ಲಿ ಮೊದಲ ಸಲ ಸಿಟ್ಟಿನ ಬದಲು ಆಯಾಸ ಕೇಳಿಸಿತು.

ಆದರೆ ಅವರು ಮೆತ್ತಗೆ ಕುಳಿತವರಲ್ಲ. ಸಂತ್ರಸ್ತೆಯ ಮುಖ ಹೊತ್ತು ತಿರುಗಿದವರೂ ಅಲ್ಲ. ಮೇಲಿಂದ ಮೇಲೆ ಹಾವೇರಿಯ ಬಸ್ಸು ಹತ್ತಿ ಸಂಜೆ ಪತ್ರಿಕೆಯ ಕಚೇರಿಗೆ ಬರುತ್ತಿದ್ದರು. ಬಂದಾಗೊಮ್ಮೆ ಕೇಳುತ್ತಿದ್ದದ್ದು ಒಂದೇ ಶಬ್ದ. ಪರಿಹಾರ ಬೇಡ, ಕ್ಷಮೆ ಬೇಡ, ಬೀಗರ ಹೆಸರು ಬರೆಯುವುದೂ ಬೇಡ. ಒಂದು ಸಲ ನಾನೂ ಜೊತೆಗಿದ್ದೆ.

“ನೀವು ‘ಬಂದರು’ ಅಂತ ಬರದೀರಿ. ‘ಹೋದರು’ ಅಂತ ಬರೀರಿ. ಮುಗೀತು” ಎಂದರು ಅವರು.

ಸಂಪಾದಕರು ಕುರ್ಚಿ ಸರಿಸಿ ಕೂರಿಸಿದರು. “ಅಕ್ಕಾರ, ನಾವಾಗೇ ಬರದಿಲ್ರಿ. ವರದ್ಯಾಗ ಐತಿ, ನಾವು ಹಾಕೀವಿ.”

“ವರದಿ ಬರದವರು ಆ ಕಡೆಯವರು. ನೀವು ಯಾವ ಊರಿನವರ್ರಿ?”

“ಕರ್ಜಗಿರಿ.”

“ಕರ್ಜಗ್ಯಾಗ ಮುಂಜಾನಿ ಮನಿ ಬಿಡಬೇಕಾದ್ರ ಅವ್ವಗ ಏನ ಹೇಳಿ ಬಂದ್ರಿ?”

ಸಂಪಾದಕರು ನಕ್ಕು ಮೇಜಿನ ಗಾಜು ನೋಡಿದರು. “ತಿಳೀತೈತ್ರಿ ಅಕ್ಕಾರ. ಆದ್ರ ತಿದ್ದುಪಡಿ ಹಾಕಿದ್ರ ಪತ್ರಿಕಿ ಮ್ಯಾಲಿನ ನಂಬಿಕಿ ಹೋಗತೈತಿ. ನೋಡೂಣು. ಮಾಡೂಣು.”

“ನಿಮ್ಮ ನಂಬಿಕಿ ಉಳೀಲಿ ಅಂತ ನನ್ನ ನಂಬಿಕಿ ಹೋತು. ನೀವು ದಿನಾ ಹೊಸಾ ಪೇಪರ್ ತಗೀತೀರಿ. ನಾ ಹೊಸಾ ಹೆಸರು ಎಲ್ಲಿಂದ ತರಲಿ?” ಮೇಜಿಗೆ ಅಂಗೈ ಬಡಿದರು. ಹೊರಗಿನ ಕೋಣೆಯಲ್ಲಿ ಟೈಪ್ ಮಾಡುತ್ತಿದ್ದವರ ಕೈ ನಿಂತಿತು. ನಾನು ಕಂಡಂತೆ ಅವರು ದನಿ ಎತ್ತಿದ್ದು ಅದೊಂದೇ ಸಲ.

ಮೆಟ್ಟಿಲಿಳಿಯುವಾಗ, ಸಮಾಧಾನಕ್ಕೆಂದು, “ಕಣ್ಣು ತಿಕ್ಕಬೇಡಿ, ಇಳಿಯುತ್ತದೆ” ಎಂದೆ.

“ಇದು ಮೆಣಸಿನಕಾಯಿ ಅಲ್ರಿ ಸರ” ಎಂದರು.

ನಾನು ಕೊನೆಯ ಸಲ ಹೋದಾಗಲೂ ಸ್ಟುಡಿಯೊ ತೆರೆದಿತ್ತು. ಶಾಲೆಯ ಮಕ್ಕಳ ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತಿದ್ದರು. ಪೆಟ್ಟಿಗೆ ಗೂಡಿನಲ್ಲಿ ಗುಂಯ್ ಎನ್ನುತ್ತಿತ್ತು. ಅದನ್ನು ಯಾಕೆ ಇನ್ನೂ ನಡೆಸುತ್ತೀರಿ ಎಂದೆ. “ಹಳೇ ಮಂದಿ ಆಲ್ಬಮ್ ಅದಾವಲ್ರಿ. ಅವರೇನು ಮಾಡ್ಯಾರು?” ಎಂದರು. ಆ ಸಂದೇಶವನ್ನಾದರೂ ಬದಲಿಸಬಾರದೇ, ಬೇರೆ ಶಬ್ದ ಹಾಕಬಾರದೇ ಎಂದೆ.

ಕತ್ತರಿ ನಿಂತಿತು. “ನಾ ಯಾಕ ಬದಲಸಲಿ? ನನ್ನ ಶಬ್ದ ಬರೋಬ್ಬರಿ ಐತಿ” ಎಂದರು. ಆಮೇಲೆ ಸ್ವಲ್ಪ ನಕ್ಕು, “ಪೇಪರಿನವರ ಕಡಿಂದ ‘ಹೋದರು’ ಅಂತ ಬರಸಾಕ ತಿರಗ್ಯಾಡಾಕತ್ತೇನಿ ಅಂತ ನಮ್ಮ ಅತ್ತಿಗೆ ಹೇಳಬ್ಯಾಡ್ರಿ ಮತ್ತ. ಬೈತಾರ” ಎಂದರು.

ಸಾವಿನ ಸುದ್ದಿ ಬಂದ ಸೋಮವಾರ ನಾನು ಮಧ್ಯಾಹ್ನದ ಹೊತ್ತಿಗೆ ರಾಣೆಬೆನ್ನೂರು ತಲುಪಿದೆ. ಜನ ಬಹಳ ಸೇರಿದ್ದರು. ಫೋನು ಎತ್ತದಿದ್ದವರೂ ಬಂದಿದ್ದರು. ಬ್ಯಾಡಗಿಯಿಂದ ಹುಡುಗಿಯ ತಂದೆ ಬಂದು, ಗೋಡೆಗೆ ಒರಗಿ ಬಹಳ ಹೊತ್ತು ನಿಂತಿದ್ದರು. ಅತ್ತೆಯ ಎದುರು ಹೋಗಿ ಕೈ ಮುಗಿದರು. ಸಾವಿನ ಮನೆಯಿಂದ ಹೊರಡುವವರು ನಮ್ಮಲ್ಲಿ ‘ಬರ್ತೇನಿ’ ಅನ್ನುವುದಿಲ್ಲ, ಸುಮ್ಮನೆ ಎದ್ದು ಹೋಗುತ್ತಾರೆ. ಅವರೂ ಸುಮ್ಮನೆ ಹೋದರು.

ಅತ್ತೆ ಪೆಟ್ಟಿಗೆಯನ್ನು ಬಂದ್ ಮಾಡಿಸಿಲ್ಲ. ಹೇಗೆ ಬಂದ್ ಮಾಡಬೇಕು ಎಂದು ಅವರಿಗೆ ಗೊತ್ತಿಲ್ಲ, ಬೇರೆಯವರಿಗೆ ಮುಟ್ಟಲು ಬಿಡುವುದಿಲ್ಲ. ಫೋನು ಅವರ ಹತ್ತಿರವೇ ಇದೆ.

ಕಳೆದ ವಾರ ಆ ಸಂಜೆ ಪತ್ರಿಕೆಯ ಒಳಪುಟದಲ್ಲಿ, ಹರಾಜು ಪ್ರಕಟಣೆಯ ಕೆಳಗೆ, ಎರಡು ಸಾಲು ಬಂದಿದೆ: ‘ತಿದ್ದುಪಡಿ: ರಾಣೆಬೆನ್ನೂರಿನ ಸ್ಟುಡಿಯೊ ಕುರಿತು ಈ ಹಿಂದೆ ಪ್ರಕಟವಾದ ಸುದ್ದಿಯಲ್ಲಿ “ಬಂದರು” ಎಂದಿರುವುದನ್ನು “ಹೋದರು” ಎಂದು ಓದಿಕೊಳ್ಳಬೇಕು.’